ಹೆನ್ನಿಂಗ್ ಸುತ್ತಿದ ಪಟ್ಟಿ

"ನಿನ್ನ ಸೈಕಲ್ಲನ್ನು ಜೋಪಾನವಾಗಿಡುತ್ತೇನೆ. ತೂವಾ ದೊಡ್ಡವಳಾದ ಮೇಲೆ ಅದರಲ್ಲೇ ವೆಟ್ಟರ್ನ್ ಸರೋವರ ಸುತ್ತುತ್ತಾಳೆ" ಎಂದು ಆಸ್ಪತ್ರೆಯಲ್ಲಿ ಕೊನೆಯ ದಿನಗಳಲ್ಲಿದ್ದ ನನ್ನ ಗಂಡ ಹೆನ್ನಿಂಗ್‌ಗೆ ಮಾತು ಕೊಟ್ಟಿದ್ದೆ. ಆಗ ಮಗಳಿಗೆ ಆರು ವರ್ಷ.

ಈಗ ದೊಡ್ಡವಳಾದ ಅವಳು, ಈ ಜೂನ್‌ನಲ್ಲಿ ಸರೋವರ ಸುತ್ತುವ ಸೈಕಲ್ ಓಟಕ್ಕೆ ಹೆಸರು ಕೊಟ್ಟಿದ್ದಳು. ಚಳಿಗಾಲದಲ್ಲಿ ಹಿಮ ಕರಗಿಸಲು ನಮ್ಮ ರಸ್ತೆಗಳಿಗೆ ಉಪ್ಪು ಎರಚುತ್ತಾರೆ. ಅದು ಲೋಹವನ್ನು ತಿಂದುಹಾಕುತ್ತದೆ. ಅದಕ್ಕೇ ಮೂರು ಚಳಿಗಾಲದಿಂದಲೂ ಆ ಸೈಕಲ್ಲನ್ನು ನಾನು ಹೊರಗೆ ಬಿಟ್ಟವಳಲ್ಲ. ನೆಲಮಾಳಿಗೆಯಲ್ಲಿ, ಕಟ್ಟಡದವರೆಲ್ಲ ಬಟ್ಟೆ ಒಗೆಯುವ ಕೋಣೆಯ ಪಕ್ಕದ ನಮ್ಮ ಸಾಮಾನಿನ ಗೂಡಿನಲ್ಲಿ, ಹಿಂದಿನ ಚಕ್ರವನ್ನು ನಿಂತಲ್ಲೇ ತುಳಿಯುವ ಟ್ರೇನರ್ ಸ್ಟ್ಯಾಂಡಿಗೆ ಬಿಗಿದು ಕೊಟ್ಟಿದ್ದೆ. ತೂವಾ ಗೋಡೆಗೆ ಮುಖಮಾಡಿ ತುಳಿಯುತ್ತಿದ್ದಳು. ಕೆಲಸ ಮುಗಿಸಿ ಬಂದವಳು ನಾನು ಬಕೆಟ್ ಬೋರಲು ಹಾಕಿ ಪಕ್ಕದಲ್ಲಿ ಕೂರುತ್ತಿದ್ದೆ. ಅವಳ ಗಲ್ಲದಿಂದ ಬೆವರು ತೊಟತೊಟನೆ ಹ್ಯಾಂಡಲ್ ಮೇಲೆ ಬೀಳುತ್ತಿತ್ತು.

"ಅಮ್ಮಾ, ಇನ್ನೂ ಎಷ್ಟು ದಿನ ಈ ಗೋಡೆ? ಬಿರುಕಿಗೆಲ್ಲ ಹೆಸರಿಟ್ಟಾಯ್ತು."

"ಮಳೆ ಬಂದು ಉಪ್ಪು ತೊಳ್ಕೊಂಡು ಹೋಗ್ಲಿ ಕಣೇ."

ಒಗೆಯುವ ಸರದಿಗೆ ಬುಟ್ಟಿ ಹಿಡಿದು ಬಂದ ಮೇಲ್ಮನೆಯ ಮುದುಕಿ ಗುನ್ವೋರ್ ಇಣುಕಿದಳು. "ಹೋದ ವಾರಾನೂ ಇಲ್ಲೇ, ಈಗ್ಲೂ ಇಲ್ಲೇ! ನನ್ನ ಸೋಮಾರಿ ಬೆಕ್ಕು ನಿನಗಿಂತ ದೂರ ಹೋಗ್ಬರುತ್ತಲ್ಲೇ ಹುಡುಗಿ."

ತೂವಾ ನಗಲಿಲ್ಲ. ತುಳಿಯುವುದನ್ನು ನಿಲ್ಲಿಸಲೂ ಇಲ್ಲ.

ಅವಳು ಇಳಿದ ಮೇಲೆ ನಾನು ಚೈನು ಒರೆಸಿ ಎಣ್ಣೆ ಬಿಡುತ್ತಿದ್ದೆ. ಹ್ಯಾಂಡಲ್ಲಿನ ಕಪ್ಪು ಪಟ್ಟಿಯನ್ನು ಮಾತ್ರ ಒಮ್ಮೆಯೂ ಬಿಚ್ಚಲಿಲ್ಲ. ಅದು ಹೆನ್ನಿಂಗ್ ಕೈಯಾರೆ ಸುತ್ತಿದ್ದು.

ಏಪ್ರಿಲ್‌ನಲ್ಲಿ ಸೈಕಲ್ಲನ್ನು ಸ್ಟ್ಯಾಂಡಿನಿಂದ ಬಿಡಿಸುವಾಗ ಪಟ್ಟಿಯೊಳಗೆ ಏನೋ ಲಟಕ್ಕೆಂದಿತು.

"ಬಿಚ್ಚಲೇಬೇಕಮ್ಮಾ."

ಬಿಚ್ಚಿದೆವು. ಬಿಳಿ ಪುಡಿ ಉದುರಿತು. ಒಳಗಿನ ಅಲ್ಯೂಮಿನಿಯಂ ಕೊಳವೆ ಗೆದ್ದಲು ತಿಂದ ಕಟ್ಟಿಗೆಯಂತಿತ್ತು.

ರಿಪೇರಿಯ ಓಸ್ಟೆನ್ ಟಾರ್ಚ್ ಬಿಟ್ಟು ನೋಡಿದ. "ಬೆವರು. ಅದರಲ್ಲೂ ಉಪ್ಪೇ ಅಲ್ವಾ? ಕೆಳಗೂ ಇಳಿದಿದೆ, ಫ್ರೇಮಿನ ಕುತ್ತಿಗೇನೇ ಸೀಳಿದೆ."

"ಸರಿ ಮಾಡೋಕೆ..."

"ಆಗಲ್ಲಮ್ಮ. ಇದನ್ನ ರಸ್ತೆಗೆ ಇಳಿಸಬೇಡಿ." ಟಾರ್ಚ್ ಆರಿಸಿ ಕೇಳಿದ, "ಮೇಲೊಂದು ಟವೆಲ್ ಹಾಸ್ತಿರ್ಲಿಲ್ವಾ?"

ನಮ್ಮ ಗೂಡಿನ ಗೋಡೆಯಾಚೆ, ಒಗೆಯುವ ಕೋಣೆಯ ಹಗ್ಗದಲ್ಲಿ ಚಳಿಗಾಲವೆಲ್ಲ ನಮ್ಮ ಟವೆಲ್ಲುಗಳು ಒಣಗುತ್ತಿದ್ದವು.

"ನನ್ನ ಬೆವರೇನಮ್ಮಾ?" ತೂವಾ ಕೇಳಿದಳು. ಅವಳ ಕೈ ಹಿಡಿದು ನಿಂತೆ.

ಜೂನ್‌ನಲ್ಲಿ ತೂವಾ ಗೆಳತಿಯ ಸೈಕಲ್ ಪಡೆದು ಸರೋವರ ಸುತ್ತಿ ಬಂದಳು. ಹೆನ್ನಿಂಗ್‌ಗೆ ಕೊಟ್ಟ ಮಾತನ್ನು ನಾನು ಉಳಿಸಿಕೊಳ್ಳಲಿಲ್ಲ.