ಕೆಂಚಿಯನ್ನು ಕರೆದವನು

ಎಲ್ಲಿಂದ ಶುರು ಮಾಡಲಿ? ಕುರಿಯಿಂದ ಶುರು ಮಾಡಿದರೆ ಮಕ್ಕಳ ಕಥೆ ಎಂದುಕೊಂಡು ನೀವು ಪುಟ ತಿರುಗಿಸುತ್ತೀರಿ. ದೇವರಿಂದ ಶುರು ಮಾಡಿದರೆ ಪ್ರವಚನ ಎಂದುಕೊಂಡು ಆಕಳಿಸುತ್ತೀರಿ. ಹೋಗಲಿ, ನಾಚಿಕೆಯಿಂದಲೇ ಶುರು ಮಾಡೋಣವೆಂದರೆ ಧರ್ಮರಾಜು ತಲೆ ಎತ್ತುತ್ತಿಲ್ಲ.

೧ (ಹರಿದು ಹಾಕಿದ ಡ್ರಾಫ್ಟು)

"೧೯೧೯ರ ನವೆಂಬರ್. ಚಾಮರಾಜಪೇಟೆಯ ಮೇಲೆ ಎಳೆಬಿಸಿಲು ಚಿನ್ನದ ನೀರು ಎರಚಿದಂತೆ..."

ಬೇಡ. ಇಂಥ ಕೆಲಸ ನಡೆದ ದಿನಕ್ಕೆ ಚಿನ್ನ ಯಾಕೆ? ಬಿಸಿಲು ಬಿಸಿಲಿನ ಹಾಗೇ ಇತ್ತು.

೨

ಧರ್ಮರಾಜು ಚಾಮರಾಜಪೇಟೆಯ ಒಂದು ಸಣ್ಣ ಹೆಂಚಿನ ಚರ್ಚಿನಲ್ಲಿ ಉಪದೇಶಿ. ಎಂದರೆ ಪಾದ್ರಿಗಳ ಕೈಕೆಳಗಿದ್ದು, ಓಣಿ ಓಣಿ ತಿರುಗಿ ಯೇಸುವಿನ ಕಥೆ ಹೇಳುವವನು. ಅದೂ ಇನ್ನೂ ಖಾಯಂ ಆಗಿರಲಿಲ್ಲ. ಕ್ರೈಸ್ತನಾದ ದಿನವೇ ಮಾವಳ್ಳಿಯ ಮನೆಯವರು ಅವನ ತಟ್ಟೆ ಲೋಟ ಹೊರಗಿಟ್ಟಿದ್ದರು. ಈ ಕೆಲಸವೂ ಹೋದರೆ ಮಲಗಲು ಒಂದು ಜಗಲಿಯೂ ಇಲ್ಲ.

ಮಾವಳ್ಳಿಯಲ್ಲಿ ಅವನೊಡನೆ ಮಾತು ಬಿಡದವಳು ಲಕ್ಕಮ್ಮ ಒಬ್ಬಳೇ. ಸೊಪ್ಪು ಬೆಳೆದು ಮಾರುವ ಹೆಂಗಸು. ಹಿಂದಿನ ವರ್ಷದ ಇನ್‌ಫ್ಲುಯೆಂಜಾ ಅವಳ ಗಂಡನನ್ನೂ ಮಗನನ್ನೂ ಒಟ್ಟಿಗೆ ಕೊಂಡೊಯ್ದಿತ್ತು. ಮನೆಯಲ್ಲಿ ಅವಳ ಜೊತೆಗೆ ಉಳಿದದ್ದು ತಾಯಿ ಸತ್ತ ಒಂದು ಕುರಿಮರಿ. ಬಟ್ಟೆಯ ಬತ್ತಿಯಿಂದ ಹಾಲು ಚೀಪಿಸಿ ಬದುಕಿಸಿದ್ದಳು. ಕೆಂಚಗಿತ್ತು, ಕೆಂಚಿ ಎಂದು ಕರೆದಳು. ರಾತ್ರಿ ಅವಳ ಕಾಲಬುಡದಲ್ಲೇ ಮಲಗುತ್ತಿತ್ತು.

(ಎಡಿಟರ್ ಕೇಳುತ್ತಾರೆ: ವಿಧವೆ, ತಬ್ಬಲಿ ಮರಿ, ಸ್ವಲ್ಪ ಜಾಸ್ತಿ ಆಗಲಿಲ್ವಾ? ಆಯಿತು ಸಾರ್. ಆದರೆ ಆ ಜ್ವರ ಬರುವ ಮುಂಚೆ ನನ್ನನ್ನು ಕೇಳಲಿಲ್ಲ.)

೩

ಆ ಚರ್ಚಿನಲ್ಲಿ ವರ್ಷಕ್ಕೊಮ್ಮೆ ಸುಗ್ಗಿ ಹಬ್ಬ. ಸಭೆಯವರು ಕುಂಬಳಕಾಯಿ, ಬೆಲ್ಲ, ಕೋಳಿ ಏನಾದರೊಂದು ತಂದು ವೇದಿಯ ಮೆಟ್ಟಿಲ ಮೇಲೆ ಇಡುತ್ತಾರೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಅವನ್ನೆಲ್ಲ ಹರಾಜು ಹಾಕುತ್ತಾರೆ. ಮೆಟ್ಟಿಲು ಮುಟ್ಟಿದ್ದು ದೇವರದು, ಅದನ್ನು ಹಿಂದಕ್ಕೆ ಕೇಳುವ ಹಾಗಿಲ್ಲ.

ಆ ಸಲ ಪಾದ್ರಿಗಳಿಗೆ ಒಂದು ನಾಟಕ ಆಡಿಸುವ ಹುರುಪು. ಕುರಿಗಳಿಗಾಗಿ ಪ್ರಾಣವನ್ನೇ ಕೊಡುವ ಒಳ್ಳೆಯ ಕುರುಬನ ಕಥೆ. ಕುರುಬ ಧರ್ಮರಾಜು. ಕುರಿ?

"ಒಂದಿನದ ಮಟ್ಟಿಗೆ ಕೊಡಮ್ಮ," ಎಂದು ಅವನು ಲಕ್ಕಮ್ಮನನ್ನು ಕೇಳಿದ. "ಪ್ರಾಣ ಹೋದ್ರೂ ಸಂಜೆಗೆ ತಂದು ಕಟ್ತೀನಿ."

"ಪ್ರಾಣ ಗೀಣ ಯಾಕಪ್ಪಾ? ಹೊತ್ಹೊತ್ತಿಗೆ ನೀರ್ ಕುಡಿಸು, ಸಾಕು."

ಹಬ್ಬದವರೆಗೆ ದಿನಾ ಬಂದು ಹೊನಗೊನ್ನೆ ಸೊಪ್ಪು ತಿನ್ನಿಸಿ ಅಭ್ಯಾಸ ಮಾಡಿಸಿದ. "ಕೆಂಚೀ, ಬಾರೇ" ಎಂದರೆ ತೋಟದ ಯಾವ ಮೂಲೆಯಲ್ಲಿದ್ದರೂ ಓಡಿ ಬರುತ್ತಿತ್ತು. "ನನ್ ಮಾತೇ ಕೇಳಲ್ಲ ಈಗ, ಕಳ್ಳಿ," ಎಂದು ಲಕ್ಕಮ್ಮ ಹುಸಿಮುನಿಸು ತೋರುತ್ತಿದ್ದಳು.

೪

ನಾಟಕ ಚೆನ್ನಾಗೇ ಆಯಿತು. ಕೆಂಚಿಯನ್ನು ಹೆಗಲ ಮೇಲೆ ಹೊತ್ತು, ನಿನಗಾಗಿ ಜೀವ ಕೊಡುತ್ತೇನೆ ಎಂದಾಗ ಹೆಂಗಸರು ಕಣ್ಣೊರೆಸಿಕೊಂಡರು. ಆ ಹುಮ್ಮಸ್ಸಿನಲ್ಲಿ ಅವನು ಕುರಿಯನ್ನು ಇಳಿಸಿದ್ದು ಎಲ್ಲಿ? ವೇದಿಯ ಮೆಟ್ಟಿಲ ಮೇಲೆ.

"ನಮ್ಮ ಧರ್ಮರಾಜು ಎಂಥಾ ಕಾಣಿಕೆ ತಂದಿದ್ದಾನೆ ನೋಡಿ!" ಎಂದರು ಪಾದ್ರಿಗಳು. ಸಭೆಯೆಲ್ಲ ಅವನತ್ತ ತಿರುಗಿತು. ಇದು ಎರವಲು ಎಂಬ ಒಂದು ಮಾತು ಸಾಕಿತ್ತು. ಆದರೆ ಹೊಗಳಿಕೆ ಬೆಲ್ಲದ ಪಾಕದಂತೆ ಬಾಯಿ ಅಂಟಿಸಿತ್ತು. ಆಮೇಲೆ ಹೇಳಿದರಾಯಿತು ಎಂದುಕೊಂಡ. ಅಷ್ಟರಲ್ಲಿ ಹರಾಜು ಮುಗಿದು, ಕೆಂಚಿ ಒಬ್ಬ ಕಂಟ್ರಾಕ್ಟರ ಪಾಲಾಗಿತ್ತು. ಅವರ ಮಗಳ ಮದುವೆಯೂಟಕ್ಕೆ.

ಗದ್ದಲಕ್ಕೆ ಬೆದರಿದ ಕೆಂಚಿ ಹಗ್ಗ ಕಿತ್ತುಕೊಂಡು ಹಿತ್ತಲಿನ ಮುಳ್ಳುಪೊದೆ ಸೇರಿತು. ಆಳುಗಳು ಕೈ ಪರಚಿಕೊಂಡದ್ದೇ ಬಂತು.

"ಕುರುಬನೇ ಇಲ್ಲಿ ನಿಂತವ್ನಲ್ಲಾ," ಎಂದು ನಕ್ಕರು ಕಂಟ್ರಾಕ್ಟರು. "ಕರೀಯಪ್ಪಾ!"

(ಸ್ಟಾಪ್. ಲೇಖಕ ನಾನು, ನನಗೂ ಒಂದಿಷ್ಟು ಅಧಿಕಾರವಿದೆ. ಮುಕ್ತಾಯ ಅ: ಧರ್ಮರಾಜು ಎಲ್ಲರೆದುರು ನಿಜ ಹೇಳುತ್ತಾನೆ. ಮುಕ್ತಾಯ ಆ: ಅವನ ಗಂಟಲು ಕಟ್ಟುತ್ತದೆ, ಕೆಂಚಿ ಬೇಲಿ ಹಾರಿ ಮಾವಳ್ಳಿಯ ದಾರಿ ಹಿಡಿಯುತ್ತದೆ. ಎರಡೂ ಚೆಂದ.)

"ಬೇಡ ಸಾರ್," ಎಂದು ಧರ್ಮರಾಜು ನನ್ನನ್ನೇ ತಡೆದ. "ನಂಗೆ ದೊಡ್ಡತನ ಹಚ್ಬೇಡಿ. ನಾನ್ ಕರ್ದೆ."

"ಬಲವಂತಕ್ಕೆ ಕರೆದೆ ಅಂತ ಬರೀಲಾ?"

"ಯಾರೂ ಬಲವಂತ ಮಾಡ್ಲಿಲ್ಲ. ನಾಟಕದಲ್ಲಿ ಕರ್ದಿದ್ಕಿಂತ ಚೆನ್ನಾಗ್ ಕರ್ದೆ."

ಬಂತು. ಮೈತುಂಬ ಮುಳ್ಳು ಮೆತ್ತಿಕೊಂಡು ನೇರ ಅವನ ಬಳಿಗೇ ಬಂದು, ಅಂಗೈಯಲ್ಲಿ ಸೊಪ್ಪು ಹುಡುಕಿತು. ಅಂಗೈ ಖಾಲಿ ಇತ್ತು. ಆಳು ಕೊರಳಿಗೆ ಹಗ್ಗ ಬಿಗಿದ. ಸಂಬಳದಾಳು ತೋಳವನ್ನು ಕಂಡರೆ ಕುರಿ ಬಿಟ್ಟು ಓಡುತ್ತಾನೆ ಎಂಬ ಯೇಸುವಿನ ಮಾತನ್ನು ಓಣಿ ಓಣಿಯಲ್ಲಿ ಸಾರಿದವನು ಇವನೇ. ಆ ಸಂಬಳದಾಳು ಎಷ್ಟೋ ವಾಸಿ, ಓಡಿಯಾದರೂ ಹೋದ.

೫

ಲಕ್ಕಮ್ಮ ಬಂದದ್ದು ಆಗಲೇ. ಹೊತ್ತಾಯಿತೆಂದು ಕೆಂಚಿಯನ್ನು ಕರೆದೊಯ್ಯಲು ಬಂದಿದ್ದಳು. ಹಗ್ಗ ಯಾರ ಕೈಯಲ್ಲಿದೆ ಎಂದು ನೋಡಿದಳು. ಧರ್ಮರಾಜು ನೆಲ ನೋಡಿದ. ಪಾದ್ರಿಗಳಿಗೆ ಏನೋ ಹೊಳೆದಿರಬೇಕು.

"ಏನಮ್ಮಾ, ಕುರಿ ನಿಮ್ದಾ? ಎರವಲು ತಂದಿದ್ನಾ ಇವನು? ಹೇಳಿ, ಕುರಿ ವಾಪಸ್ ಕೊಡಿಸ್ತೀನಿ. ಬೇರೆಯವರ ಸ್ವತ್ತನ್ನ ಕಾಣಿಕೆ ಅಂತ ಇಟ್ಟೋನಿಗೆ ಇಲ್ಲಿ ಕೆಲಸ ಇಲ್ಲ."

(ಇಲ್ಲಿ ಲಕ್ಕಮ್ಮನಿಗೆಂದು ಒಳ್ಳೊಳ್ಳೆಯ ಬೈಗುಳ ಬರೆದಿಟ್ಟಿದ್ದೆ. ಒಂದನ್ನೂ ಅವಳು ಮುಟ್ಟಲಿಲ್ಲ.)

ಅವಳು ಕೆಂಚಿಯನ್ನು ನೋಡಿದಳು. ಆಮೇಲೆ ಅವನನ್ನು ನೋಡಿದಳು. ಎರಡನೆಯದೇ ಹೆಚ್ಚು ಹೊತ್ತು.

"ಇಲ್ಲ ಸ್ವಾಮಿ. ನಾನೇ ಕೊಟ್ಟಿದ್ದು. ದೇವ್ರಿಗೆ ಅಂತ."

ಕೂತು, ಕೆಂಚಿಯ ಕಿವಿಯಲ್ಲಿದ್ದ ಮುಳ್ಳು ಬಿಡಿಸಿ, ಎದ್ದು ಹೊರಟಳು. ಅವಳು ಬೀದಿ ತಿರುಗುವ ತನಕ ಅದು ಅರಚುತ್ತಲೇ ಇತ್ತು. ಧರ್ಮರಾಜುವಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅವನು ಬಾಯಲ್ಲಿ ಸಾರಿದ್ದನ್ನೆಲ್ಲ ಅವಳು ಮಾಡಿ ಹೋಗಿದ್ದಳು, ಅದೂ ಇವನಂಥವನಿಗಾಗಿ.

೬

ಕೆಲಸ ಖಾಯಂ ಆಯಿತು. ಅವನು ಮಾವಳ್ಳಿಗೆ ಹೋದ. ಕಾಲಿಗೆ ಬಿದ್ದು ಅತ್ತ ಎಂದು ಬರೆಯಹೊರಟೆ.

"ಬಿದ್ರೆ ನಂಗೆ ಹಗುರ ಆಗ್ಬಿಡುತ್ತೆ ಸಾರ್," ಎಂದ. "ಅದ್ಯಾಕೆ ಆಗ್ಬೇಕು?"

ಹೀಗಾಗಿ ಅವನು ಸೊಪ್ಪಿನ ಮಡಿಯ ಅಂಚಿನಲ್ಲಿ ಸುಮ್ಮನೆ ನಿಂತಿದ್ದಾನೆ. ಕಳೆ ಕೀಳುತ್ತಿದ್ದ ಲಕ್ಕಮ್ಮ ತಲೆ ಎತ್ತಿದಳು.

"ಕೆಲ್ಸ ಖಾಯಂ ಆಯ್ತಾ, ಮಗಾ?"

'ಆಯ್ತು' ಎಂದು ಟೈಪ್ ಮಾಡಿದೆ. ಅವನು ಅಳಿಸಿದ. 'ಬಿಟ್ಬಿಟ್ಟೆ' ಎಂದು ಮಾಡಿದೆ. ಅದು ಸುಳ್ಳು, ಅದನ್ನೂ ಅಳಿಸಿದ. ಒಂದು ಫುಲ್‌ಸ್ಟಾಪ್ ಹಾಕಿ ಎದ್ದುಬಿಡೋಣವೆಂದರೆ ನನ್ನಿಂದಲೂ ಆಗುತ್ತಿಲ್ಲ. ಲಕ್ಕಮ್ಮ ಮಣ್ಣುಗೈಯಲ್ಲಿ ಹಾಗೇ ಕಾಯುತ್ತಿದ್ದಾಳೆ. ಆ ಮುಖದಲ್ಲಿ ಎಳ್ಳಷ್ಟು ಸಿಟ್ಟಿದ್ದರೂ ನಾವಿಬ್ಬರೂ ಬದುಕಿಕೊಳ್ಳುತ್ತಿದ್ದೆವು. ಇಲ್ಲ. ಅವನು ಆಯ್ತು ಎನ್ನಲಿ ಎಂದು ಆಸೆಯಿಂದ ನೋಡುತ್ತಿದ್ದಾಳೆ