ಮ್ಯಾಪಿನಲ್ಲಿರುವ ಎರಡೆಕರೆ

"ಲೇ ಬೋಳಿಮಗನೆ, ಬದಿನಿಂದ ಆಚ್ಗೆ ಓಗಿ ತೋಡ್ಲಾ! ನನ್ ಗದ್ದೆಗೇನಾರ ನಿನ್ ಗುದ್ಲಿ ತಾಕ್ತೋ, ಕೈ ಮುರ್ದಾಕ್ತೀನಿ."

"ಆಯ್ತು ಬುದ್ದಿ," ಎಂದು ನಿಂಗಯ್ಯ ಹೊಳೆಯ ಕಡೆ ಸರಿದ. ಬೈದವನು ಗದ್ದೆಯ ಒಡೆಯ ಸದಾಶಿವಪ್ಪ. ತೋಡುತ್ತಿದ್ದ ಗುಂಡಿ ನಿಂಗಯ್ಯನ ಸತ್ತ ಹೆಂಡತಿ ಪುಟ್ಟಗೌರಮ್ಮನಿಗೆ. ಅವಳು ಬೆಳಗಿನಿಂದ ಚಟ್ಟದ ಮೇಲೆ ಬಿಸಿಲಲ್ಲೇ ಮಲಗಿದ್ದಳು. ಅವನಿಗೆ ಅಳು ಬರಬೇಕಿತ್ತು, ಬರಲಿಲ್ಲ. ಗುದ್ದಲಿ ಎತ್ತುವುದು, ಇಳಿಸುವುದು, ಅಷ್ಟೇ ಗೊತ್ತಾಗುತ್ತಿತ್ತು.

ಬದುವಿನಿಂದ ಕಾವೇರಿಯ ದಡಕ್ಕೆ ಉಳಿದಿರುವುದು ಹತ್ತೇ ಹೆಜ್ಜೆ. ಕೇರಿಯ ಸುಡುಗಾಡೆಂದರೆ ಈಗ ಅಷ್ಟೇ. ತಾತನ ಕಾಲಕ್ಕೆ ಹೊಳೆ ಎಲ್ಲೋ ದೂರದಲ್ಲಿತ್ತು. ಸುಡುಗಾಡಿನ ಸುತ್ತ ಆಳೆತ್ತರ ಜೊಂಡು ಬೆಳೆದ ಜೌಗು ದಡದ ಮಣ್ಣನ್ನು ಕಚ್ಚಿ ಹಿಡಿದಿತ್ತು. ಊರ ಕಡೆಯ ಜೌಗಿಗೆ ಸದಾಶಿವಪ್ಪನ ಅಪ್ಪ ಮಣ್ಣು ತುಂಬಿ ಗದ್ದೆ ಮಾಡಿಕೊಂಡ. ಹೊಳೆ ಕಡೆಯದನ್ನು ಮಗ ಬಗೆದು ಮರಳನ್ನು ಲಾರಿಗೆ ತುಂಬಿಸಿದ. ಆಮೇಲೆ ಡ್ಯಾಮಿನಿಂದ ನೀರು ಬಿಟ್ಟಾಗಲೆಲ್ಲ ದಡ ಕುಸಿಯಿತು. ಅದರೊಂದಿಗೆ ಅಲ್ಲಿ ಹೂತಿದ್ದ ತಾತ ಹೋದ, ಹಿಂದೆಯೇ ಅಜ್ಜಿ ಹೋದಳು. ಸತ್ತಮೇಲೂ ಇನ್ನೊಂದು ಸಲ ಹೋಗುವುದು ಈ ಕೇರಿಯವರ ಹಣೆಯಲ್ಲಷ್ಟೇ ಬರೆದಿದೆ.

ಎರಡಡಿ ಇಳಿಯುವಷ್ಟರಲ್ಲಿ ಮೂಳೆ ಸಿಕ್ಕಿತು. ಜೊತೆಗೊಂದು ತಾಮ್ರದ ಕಡಗ.

"ಅಣ್ಣೋ, ಇದು ಅಪ್ಪುಂದಲ್ವಾ?" ಎಂದ ತಮ್ಮ ಶಾಂತರಾಜು.

ಕಲ್ಲು ನೆಡುವ ರೂಢಿ ಕೇರಿಯಲ್ಲಿಲ್ಲ. ದಡದಿಂದ ಹೆಜ್ಜೆ ಎಣಿಸಿ ನೆನಪಿಟ್ಟುಕೊಳ್ಳುತ್ತಾರೆ. ಅಪ್ಪನದು ಎಂಟನೇ ಹೆಜ್ಜೆ. ದಡವೇ ಜರುಗಿರುವುದನ್ನು ನಿಂಗಯ್ಯ ಮರೆತಿದ್ದ. ನಾಲ್ಕನೆಯದರಲ್ಲೇ ಅಪ್ಪ ಸಿಕ್ಕಿದ. ಆಗಲೂ ನಿಂಗಯ್ಯನ ಎದೆಯಲ್ಲಿ ಏನೂ ಅಲುಗಲಿಲ್ಲ.

"ಊಂ ಕಣ್ಲಾ. ಎತ್ತಿಡು."

"ಎಲ್ಲಿಗಣ್ಣ ಎತ್ತಿಡ್ಲಿ?"

ಅಷ್ಟರಲ್ಲಿ ಗದ್ದೆಯ ಗಡಿ ತೋರಿಸಲೆಂದು ಸದಾಶಿವಪ್ಪ ಕರೆಸಿದ್ದ ಗ್ರಾಮಲೆಕ್ಕಾಧಿಕಾರಿ ರಮ್ಯ ಬಂದಳು. ಶಾಂತರಾಜು ಕೈಮುಗಿದ. "ಬ್ಯಾರೆ ಜಾಗ ಕೊಡ್ಸಿ ಮೇಡಮ್ಮೋರೇ."

ಅವಳು ಮೊಬೈಲು ತೆಗೆದಳು. "ಮ್ಯಾಪಲ್ಲಿ ನಿಮಗೆ ಎರಡೆಕರೆ ಇದೆಯಲ್ಲ. ಇರೋರಿಗೇ ಮತ್ತೆ ಹೇಗೆ ಕೊಡೋದು?"

"ಎಲ್ಲದೆ, ವಸಿ ತೋರ್ಸಿ."

ಮೊಬೈಲನ್ನು ಅತ್ತ ಇತ್ತ ತಿರುಗಿಸಿ ಅವಳು ಕೈ ಚಾಚಿದಳು. ಬೆರಳು ಹೊಳೆಯ ನಡುವಿಗಿತ್ತು. ಅಲ್ಲಿ ನೀರುಕಾಗೆಯೊಂದು ಮುಳುಗಿ ಎದ್ದಿತು.

ಸದಾಶಿವಪ್ಪ ನಕ್ಕ. "ಅಲ್ಲೇ ಊಳೋಗ್ಲಾ. ನಿಮ್ಮೋರೆಲ್ಲ ಅಲ್ಲೇ ಅವ್ರಲ್ಲ!"

ನಿಂಗಯ್ಯ ಗುಂಡಿಯಿಂದ ಮೇಲೆ ಬಂದ. ಅಪ್ಪನ ಮೂಳೆಗಳನ್ನು ಟವೆಲಿನಲ್ಲಿ ಕಟ್ಟಿ ಹೆಂಡತಿಯ ತಲೆಯ ಪಕ್ಕ ಇಟ್ಟ. "ಎತ್ರುಲಾ," ಎಂದ. ಜೊತೆಗೆ ಬಂದಿದ್ದ ಕೇರಿಯ ನಾಲ್ಕು ಜನ ಚಟ್ಟಕ್ಕೆ ಹೆಗಲು ಕೊಟ್ಟರು. ಬದು ದಾಟಿದರು, ಪೈರು ತುಳಿದರು. ಗದ್ದೆಯ ಮೇಲ್ಗಡೆ ದಿಬ್ಬದ ಮೇಲೆ ಸದಾಶಿವಪ್ಪನ ಅಪ್ಪನನ್ನು ಹೂತ ಗದ್ದುಗೆಯಿತ್ತು, ಬಿಳಿ ಟೈಲ್ಸ್ ಹಾಕಿದ್ದು. ಅದರ ಮಗ್ಗುಲಿಗೆ ಚಟ್ಟ ಇಳಿಸಿ ನಿಂಗಯ್ಯ ಗುದ್ದಲಿ ಹಾಕಿದ.

"ಅಯ್ಯೋ ಸೂಳೆಮಗನೆ! ನಮ್ಮಪ್ಪಾರ್ ಮಗ್ಗುಲಲ್ಲೇನ್ಲಾ! ಪೊಲೀಸ್ರ್ನ ಕರುಸ್ತೀನಿ!"

ನಿಂಗಯ್ಯ ತಲೆಯೆತ್ತಲಿಲ್ಲ.

"ಕರ್ಸು. ಬಂದೋರೂ ಒಂದೊಂದಿಡಿ ಮಣ್ಣಾಕ್ಲಿ. ನೀನೂ ಆಕು."