ಬೈಗುಳದ ನಂಟು

"ಏ ನನ್ನ ಆಳೇ! ಧಣಿ ಬಂದು ಬಿಸಿಲಲ್ಲಿ ಕೂತಿರೋದು ಕಾಣಲ್ವೇನೋ? ಹಗ್ಗ ಇಳ್ಸು. ಇಳ್ಸಿ ಬಂದು ನನ್ನ ಕಾಲೊತ್ತು!"

ಜೀಪಿನ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ನಾತೊಗೋಮಾ ಹೀಗೆ ಕೂಗಿದಾಗ, ರಸ್ತೆಗೆ ಅಡ್ಡ ಕಟ್ಟಿದ ಹಗ್ಗದ ಬಳಿ ನಿಂತಿದ್ದ ಸಿಪಾಯಿ ನಗಲಿಲ್ಲ. ಅವನ ಅಂಗಿಯ ಮೇಲೆ ಹೊಲಿದಿದ್ದ ಹೆಸರನ್ನು ಅವಳು ಕಣ್ಣು ಕಿರಿದು ಮಾಡಿ ಇನ್ನೊಮ್ಮೆ ಓದಿದಳು. ಟಿಯಾ. ಯಾಕುಬಾ ಜನಾಂಗದ ಮನೆತನದ ಹೆಸರೇ, ಅನುಮಾನವಿಲ್ಲ. ಮಾನ್ ಊರಿನ ಬೆಟ್ಟಗಳಲ್ಲಿ ಒಂದು ಕಲ್ಲೆಸೆದರೆ ಒಬ್ಬ ಟಿಯಾನ ತಲೆಗೆ ತಾಗುತ್ತದೆ.

"ಏನಂದೆ?" ಎಂದ ಅವನು, ಹೆಗಲಲ್ಲಿದ್ದ ಬಂದೂಕನ್ನು ಕೈಗೆ ತೆಗೆದುಕೊಳ್ಳುತ್ತ.

"ಆಳು ಅಂದೆ. ಕಿವೀಲಿ ಜೋಳದ ಹಿಟ್ಟು ಕೂತಿದ್ಯಾ?"

ಹಿಂದಿನ ಸೀಟಿನಲ್ಲಿದ್ದ ಹೆನಿಂಗ್ ಎರಡೂ ಕೈಗಳನ್ನು ಮೆಲ್ಲಗೆ ಮೇಲೆತ್ತಿದ. ಜೀಪು ಒಂದು ನೆರವು ಸಂಸ್ಥೆಯದು, ಅವನು ಅದರ ಭದ್ರತಾ ಅಧಿಕಾರಿ, ಹೋದ ತಿಂಗಳಷ್ಟೇ ಡೆನ್ಮಾರ್ಕಿನಿಂದ ಬಂದವನು. ಆಯುಧ ಹಿಡಿದವರ ಮುಂದೆ ಹೇಗಿರಬೇಕೆಂದು ಬೆಳಿಗ್ಗೆಯೇ ಬುವಾಕೆಯ ಕಚೇರಿಯಲ್ಲಿ ಎಲ್ಲರಿಗೂ ಪಾಠ ಹೇಳಿದ್ದ: ಕೈಗಳು ಕಾಣುವಂತಿರಲಿ, ದನಿ ತಗ್ಗಿರಲಿ, ತಮಾಷೆ ಬೇಡವೇ ಬೇಡ. ನಾತೊಗೋಮಾ ಪಾಠವನ್ನೆಲ್ಲ ತಲೆದೂಗುತ್ತ ಕೇಳಿದ್ದಳು. ಊಟದ ಹೊತ್ತು ಯಾವಾಗ ಎಂದು ಕೊನೆಯಲ್ಲಿ ಒಂದು ಪ್ರಶ್ನೆಯನ್ನೂ ಕೇಳಿದ್ದಳು.

"ಇಳೀರಿ. ಎಲ್ರೂ ಇಳೀರಿ," ಎಂದ ಸಿಪಾಯಿ. ಚಾಲಕ ಕ್ವಾಜೊನ ಕೈಯಿಂದ ಕೀಲಿ ಕಿತ್ತುಕೊಂಡು ಜೇಬಿಗಿಳಿಸಿದ.

ನಾತೊಗೋಮಾ ಸಿಲುವೆ ಉತ್ತರದ ಕೊರೊಗೋ ಕಡೆಯ ಸೆನುಫೋ ಜನಾಂಗದ ಹೆಂಗಸು. ಸರ್ಕಾರಿ ಆಸ್ಪತ್ರೆಯಲ್ಲಿ ಸೂಲಗಿತ್ತಿಯಾಗಿದ್ದವಳು. ಯುದ್ಧ ದೇಶವನ್ನು ನಡುವಿಗೆ ಸೀಳಿದ ಮೇಲೆ ದಕ್ಷಿಣದ ಸರ್ಕಾರ ಉತ್ತರದವರಿಗೆ ಸಂಬಳ ಕಳಿಸುವುದನ್ನು ಮರೆತಿತು. ಇವಳು ನೆರವಿನ ಜೀಪು ಹತ್ತಿದಳು. ದಾರಿಯುದ್ದಕ್ಕೂ ಬಂಡುಕೋರರು ಕಟ್ಟಿದ ಹಗ್ಗಗಳು. ಹಗ್ಗದ ಪಕ್ಕ ಒಂದು ಚಪ್ಪರ, ಚಪ್ಪರದ ಕೆಳಗೆ ಬಂದೂಕು, ಬಂದೂಕಿನ ಹಿಂದೆ ಹಸಿದ ಹುಡುಗರು. ಬೇರೆ ಜೀಪುಗಳವರು ಪತ್ರ ತೋರಿಸಿ, ಸಿಗರೇಟು ಕೊಟ್ಟು, ಬೇಡಿಕೊಂಡು ಮುಂದೆ ಹೋಗುತ್ತಿದ್ದರು. ನಾತೊಗೋಮಾ ಅಂಗಿಯ ಮೇಲಿನ ಹೆಸರು ಓದಿ ಬೈಯುತ್ತಿದ್ದಳು.

ಯಾಕೆಂದರೆ ಸೆನುಫೋಗಳಿಗೂ ಯಾಕುಬಾಗಳಿಗೂ ಮುತ್ತಾತಂದಿರ ಕಾಲದಿಂದ ಬೈಗುಳದ ನಂಟು. ಎದುರಾದಾಗಲೆಲ್ಲ ಇವನು ಅವನನ್ನು ಆಳು ಅನ್ನಬೇಕು, ಅವನು ಇವನನ್ನು ಆಳು ಅನ್ನಬೇಕು. ನಿಜಕ್ಕೂ ಯಾರು ಆಳು, ಯಾರು ಧಣಿ ಎಂಬುದು ಇಂದಿಗೂ ತೀರ್ಮಾನವಾಗಿಲ್ಲ. ತೀರ್ಮಾನ ಆಗಬಾರದೆಂಬುದೇ ಒಪ್ಪಂದ. ಸಾವಿನ ಮನೆಗೆ ಹೋಗಿ ಹೆಣವನ್ನು ಅಣಕಿಸುವ ಹಕ್ಕೂ ಇಬ್ಬರಿಗಿದೆ. ಸಿಟ್ಟಾಗುವ ಹಕ್ಕು ಮಾತ್ರ ಇಬ್ಬರಿಗೂ ಇಲ್ಲ. ಹಾಗಾಗಿ ಯಾಕುಬಾ ಹುಡುಗರಿದ್ದ ಹಗ್ಗಗಳು ನಾತೊಗೋಮಾಗೆ ತವರಿನ ಬಾಗಿಲಿದ್ದಂತೆ. ಅವರೂ ಬೈಯುತ್ತಿದ್ದರು, ಇವಳೂ ಬೈಯುತ್ತಿದ್ದಳು, ನಗುನಗುತ್ತ ಹಗ್ಗ ಇಳಿಯುತ್ತಿತ್ತು. ಆದರೆ ಈ ಹುಡುಗ ಹೊಸಬ. ಇವನ ಮುಂದೆ ಅವಳ ಬೈಗುಳ ನೆಲಕ್ಕೆ ಬಿತ್ತು, ಎತ್ತಿಕೊಳ್ಳುವವರಿರಲಿಲ್ಲ.

"ನಾನು ಹುಟ್ಟಿದ್ದು ದಕ್ಷಿಣದಲ್ಲಿ, ಅಬಿಜಾನ್‌ನಲ್ಲಿ. ಯೊಪುಗೋನ್ ಪೇಟೆ," ಎಂದ ಅವನು. "ನಾನು ಯಾರ ಆಳೂ ಅಲ್ಲ. ನಮ್ಮನ್ನ ಆಳು ಅಂದೋರ ಮೇಲೇ ನಾವು ಬಂದೂಕು ಎತ್ತಿರೋದು. ಗೊತ್ತಾಯ್ತಾ ಮುದ್ಕಿ?"

ಹಗ್ಗದಾಚೆಗೂ ಈಚೆಗೂ ಬೆಳಗಿನಿಂದ ನಿಂತಿದ್ದವರು ಕುತೂಹಲದಿಂದ ಹತ್ತಿರ ಬಂದರು. ಗೆಣಸಿನ ಬುಟ್ಟಿ ಹೊತ್ತ ಹೆಂಗಸರು, ಮೋಟರ್‌ಸೈಕಲ್ಲಿನ ಮೇಲೆ ಹಾಸಿಗೆ ಕಟ್ಟಿಕೊಂಡ ದಂಪತಿ, ಮೇಕೆಗಳನ್ನು ಸಂತೆಗೆ ಹೊಡೆದುಕೊಂಡು ಹೊರಟಿದ್ದ ಒಬ್ಬ ವ್ಯಾಪಾರಿ.

"ಅದು ಪದ್ಧತಿ ಕಣಪ್ಪಾ," ಎಂದ ಮೇಕೆಯವನು. "ನೀನು ತಿರ್ಗಿಸಿ ಬೈಬೇಕು. ಆಮೇಲೆ ಹಗ್ಗ ಬಿಚ್ಬೇಕು. ನಮ್ಗೆಲ್ರಿಗೂ."

"ನಿಮ್ಗೆಲ್ರಿಗೂ ಯಾಕೆ?"

"ಒಟ್ಟಿಗೇ ಆಗ್ಹೋಗ್ಲಿ ಅಂತ."

ಸಿಪಾಯಿ ಅವನ ಕಡೆ ಬಂದೂಕು ತಿರುಗಿಸಿದ. ಮೇಕೆಯವನು ಮೇಕೆಗಳ ನಡುವೆ ಕುಕ್ಕರಿಸಿ ಕೂತು ಪದ್ಧತಿಯ ವಿಷಯ ಕೈಬಿಟ್ಟ.

ಹೆನಿಂಗ್ ನಾತೊಗೋಮಾಳ ಪಕ್ಕಕ್ಕೆ ಸರಿದು, ಪುಸ್ತಕದಿಂದ ಕಲಿತ ಭಾಷೆಯಲ್ಲಿ ಪಿಸುಗುಟ್ಟಿದ. "ಅಮ್ಮನವರೇ, ದಯವಿಟ್ಟು ಕ್ಷಮೆ ಯಾಚಿಸಿರಿ. ಪರಿಸ್ಥಿತಿಯು ಉದ್ವಿಗ್ನವಾಗಿದೆ."

"ಆಳಿನ ಹತ್ರ ಧಣಿ ಕ್ಷಮೆ ಕೇಳಿದ್ರೆ ನಂಟೇ ಮುರ್ದುಹೋಗುತ್ತೆ. ನಮ್ಮಜ್ಜ ಗೋರಿಯಿಂದ ಎದ್ದು ಬಂದು ಒದೀತಾನೆ."

"ಈ ವ್ಯಕ್ತಿ ಈಗಲೇ ಒದೆಯಬಹುದು."

"ಒದೀಲಿ ಬಿಡು. ಇವನು ಪರ್ವಾಗಿಲ್ಲ, ಕಾಲಲ್ಲಿ ಒದ್ದು ಸುಮ್ನಾಗ್ತಾನೆ. ಅಜ್ಜ ಶಾಪಾನೂ ಹಾಕ್ತಾನೆ."

ಹೀಗೆಂದಳಾದರೂ ನಾತೊಗೋಮಾ ಜೀಪಿನ ಕಡೆ ಒಮ್ಮೆ ತಿರುಗಿ ನೋಡಿದಳು. ಆಮೇಲೆ ಚಪ್ಪರದ ಬೆಂಚಿನ ಮೇಲೆ ಧೊಪ್ಪನೆ ಕೂತಳು. ಜೀಪಿನ ಹಿಂದುಗಡೆ ನೀಲಿ ಪೆಟ್ಟಿಗೆಯಲ್ಲಿ ದಡಾರದ ಲಸಿಕೆಯಿತ್ತು. ಹಗ್ಗದಾಚೆಯ ಊರಿನಲ್ಲಿ ಆಗಲೇ ಮಕ್ಕಳ ಮೈಮೇಲೆ ಕೆಂಪು ಬೊಕ್ಕೆ ಎದ್ದಿದ್ದವು. ತಾಯಂದಿರು ಶಾಲೆಯ ಅಂಗಳದಲ್ಲಿ ಕಾಯುತ್ತಿದ್ದರು. ಪೆಟ್ಟಿಗೆಯೊಳಗಿನ ಐಸು ಸಂಜೆಯವರೆಗೆ ತಾಳುತ್ತದೆ, ಅದೂ ಹಟ ಮಾಡದಿದ್ದರೆ. ಹಟ ಮಾಡಲು ಇಲ್ಲಿ ಬೇರೆಯವರಿದ್ದರು.

"ನಿನ್ನ ಹೆಸ್ರೇನೋ?"

"ಗೊಂಡೊ."

"ಗೊಂಡೊ, ನಾನು ಹೇಳಿದ್ದು ಸುಳ್ಳು ಅನ್ಸಿದ್ರೆ ನಿಮ್ಮವ್ವನ್ನ ಕೇಳು. ನಿಮ್ಮವ್ವ ಬೆಟ್ಟದೋಳು ತಾನೆ? ಅವಳ್ಗೆ ಗೊತ್ತಿರುತ್ತೆ."

ಗೊಂಡೊ ಬೂಟಿನ ತುದಿಯಿಂದ ನೆಲ ಕೆದಕಿದ. "ನಮ್ಮವ್ವ ನಂಜೊತೆ ಮಾತಾಡಲ್ಲ," ಎಂದ ಕೊನೆಗೆ. "ನಾನು ಈ ಕಡೆ ಓಡ್ಬಂದು ಬಂದೂಕು ಹಿಡ್ದಾಗಿಂದ. ಬುವಾಕೆಯ ಫೋನಂಗಡಿಯಿಂದ ಎಷ್ಟ್ಸಲ ಮಾಡಿದೀನಿ. 'ಅವ್ವಾ' ಅಂದ್ರೆ ಸಾಕು, ಇಟ್ಬಿಡ್ತಾಳೆ."

"ನಂಜೊತೆ ಮಾತಾಡ್ತಾಳೆ ಬಿಡು. ಫೋನೆಲ್ಲಿ?"

"ಇಲ್ಲಿ ಯಾವ ಫೋನೂ ಹತ್ತಲ್ಲ."

ನಾತೊಗೋಮಾ ಹೆನಿಂಗ್‌ನ ಸೊಂಟವನ್ನೇ ನೋಡಿದಳು. ಕ್ವಾಜೊ ಕೂಡ ನೋಡಿದ. ಮೇಕೆಯವನೂ ಎದ್ದು ನಿಂತು ನೋಡಿದ. ಹೆನಿಂಗ್‌ನ ಸೊಂಟದ ಚೀಲದಲ್ಲಿ ಉಪಗ್ರಹದ ಫೋನಿತ್ತು. ಇಟ್ಟಿಗೆಯಷ್ಟು ದಪ್ಪ, ಆಕಾಶಕ್ಕೆ ಮುಖ ಮಾಡಿ ಹಿಡಿದರೆ ಎಲ್ಲಿಂದ ಎಲ್ಲಿಗಾದರೂ ಮಾತು ಮುಟ್ಟಿಸುವಂಥದ್ದು.

"ಇದು ತುರ್ತು ಪರಿಸ್ಥಿತಿಗಾಗಿ ಮಾತ್ರ," ಎಂದ ಹೆನಿಂಗ್.

"ಹಂಗಂದ್ರೇನು?"

"ಪ್ರಾಣಾಪಾಯ. ಅಪಹರಣ. ಗುಂಡಿನ ದಾಳಿ."

ನಾತೊಗೋಮಾ ಗೊಂಡೊನ ಕಡೆ ತಿರುಗಿದಳು. "ಲೋ, ಆ ಬಂದೂಕನ್ನ ಒಂಚೂರು ಇವನ ಕಡೆ ಹಿಡಿ."

ಗೊಂಡೊ ಯೋಚಿಸದೆ ಹಿಡಿದ. ಆಮೇಲೆ ತಾನೇ ನಾಚಿ ಕೆಳಗಿಳಿಸಿದ. ಅಷ್ಟರಲ್ಲಿ ಹೆನಿಂಗ್ ಫೋನು ತೆಗೆದು ಅದರ ಆಂಟೆನಾ ಕಡ್ಡಿಯನ್ನು ಉದ್ದಕ್ಕೆ ಎಳೆಯುತ್ತಿದ್ದ.

ಚಪ್ಪರದ ನೆರಳು ಬಿಟ್ಟು ಎಲ್ಲರೂ ರಸ್ತೆಯ ನಡುವಿಗೆ ಬಂದರು. ಗೊಂಡೊ ಅಂಕಿಗಳನ್ನು ಒಂದೂ ತಪ್ಪದೆ ಹೇಳಿದ. ಫೋನು ಬಹಳ ಹೊತ್ತು ಗೊರಗೊರ ಅಂದಿತು. ಆಮೇಲೆ ಒಂದು ದಪ್ಪ ಹೆಣ್ಣುದನಿ, ಹಿಂದಿನಿಂದ ಎಣ್ಣೆಯಲ್ಲಿ ಮೀನು ಚುರುಗುಡುವ ಸದ್ದು.

"ಯಾರದು? ಮೀನು ಹೊತ್ಕೊಳ್ತಿದೆ, ಬೇಗ ಹೇಳಿ!"

ನಾತೊಗೋಮಾ ಗಂಟಲು ಸರಿಮಾಡಿಕೊಂಡಳು. "ನಾನು ಕೊರೊಗೋದ ಸಿಲುವೆ ಕಣೇ. ನನ್ನ ತೊತ್ತು ಯಾಕುಬಾ ಹೆಂಗ್ಸು ಅಬಿಜಾನ್‌ಗೆ ಓಡ್ಹೋಗಿ ಮೀನು ಮಾರ್ತಾ ಇದ್ದಾಳಂತೆ. ಅವಳು ನೀನೇನಾ?"

ಹೆನಿಂಗ್ ಕಣ್ಣು ಮುಚ್ಚಿಕೊಂಡ.

ಆಮೇಲೆ ಫೋನಿನಿಂದ ಹೊರಟ ನಗು ಎಷ್ಟು ಜೋರಾಗಿತ್ತೆಂದರೆ ನಾತೊಗೋಮಾ ಅದನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು. "ಅಯ್ಯೋ ನನ್ನ ತೊತ್ತೇ! ಜೋಳದ ಮುದ್ದೆ ತಿನ್ನೋಳೇ! ಧಣಿ ಹತ್ರ ಮಾತಾಡುವಾಗ ನೆಲದ ಮೇಲೆ ಕೂತಿದ್ದೀಯಾ ಇಲ್ವಾ? ಮೊದ್ಲು ಕೂರು!"

"ನಾನ್ಯಾಕೆ ಕೂರ್ಲಿ? ಮರ ಹತ್ತಿ ಕೋತಿ ಜೊತೆ ಸಂಸಾರ ಮಾಡ್ತಿದ್ದೋರು ನೀವು. ಇಳ್ಸಿ ಬಟ್ಟೆ ಉಡ್ಸಿದ್ದು ನಮ್ಮಜ್ಜ."

"ನಿಮ್ಮಜ್ಜನ್ನ ನಮ್ಮಜ್ಜಿ ಒಂದು ಹಿಡಿ ಉಪ್ಪಿಗೆ ಕೊಂಡ್ಕೊಂಡಿದ್ಳು. ಆಮೇಲೆ ಉಪ್ಪು ದಂಡ ಆಯ್ತು ಅಂತ ಅತ್ಳು!"

ಗೆಣಸಿನ ಹೆಂಗಸರು ಬುಟ್ಟಿ ಇಳಿಸಿ ಹೊಟ್ಟೆ ಹಿಡಿದುಕೊಂಡರು. ಗೊಂಡೊ ಬಾಯಿ ತೆರೆದು ನಿಂತಿದ್ದ. ಆ ನಗುವನ್ನು ಅವನು ಹಿಂದೆ ಎಂದೋ ಕೇಳಿದ್ದವನಂತೆ, ಈಗ ಎಲ್ಲಿ ಎಂದು ನೆನಪಿಸಿಕೊಳ್ಳುತ್ತಿರುವವನಂತೆ ಕಾಣುತ್ತಿದ್ದ.

"ಹೋಗ್ಲಿ, ಎಲ್ಲಿದ್ದೀಯೇ? ಯಾಕೆ ಮಾಡ್ದೆ?" ಎಂದಿತು ಫೋನು, ನಗು ಇನ್ನೂ ಆರಿರಲಿಲ್ಲ.

"ಕತಿಯೋಲಾ ದಾಟಿ ಮುಂದೆ. ನಿನ್ನ ಮಗ ನನ್ನ ದಾರಿ ಕಟ್ಟಿದ್ದಾನೆ."

ನಗು ನಿಂತಿತು. ಮೀನಿನ ಚುರುಚುರು ಮಾತ್ರ ಕೇಳಿಸುತ್ತಿತ್ತು.

"ನಂಗೆ ಮಗ ಇಲ್ಲ," ಎಂದಳು ಆ ತಾಯಿ. ದನಿ ಬೇರೆಯಾಗಿತ್ತು. "ಇದ್ದ ಒಬ್ನು. ಇಲ್ಲಿ ಅಕ್ಕಪಕ್ಕದೋರು ನನ್ನ ಅಂಗ್ಡಿಗೆ ಕಲ್ಲು ಹೊಡಿಯೋ ಹಂಗೆ ಮಾಡಿ ಹೋದ. ಅವನು ಸತ್ತ ಅಂತ ಎಲ್ರಿಗೂ ಹೇಳಿದೀನಿ."

ಗೊಂಡೊ ಮುಖ ತಿರುಗಿಸಿದ. ಸುತ್ತ ನಿಂತವರು ತಂತಮ್ಮ ಕಾಲು ನೋಡಿಕೊಂಡರು. ನಾತೊಗೋಮಾ ಫೋನನ್ನು ಇನ್ನೊಂದು ಕೈಗೆ ಬದಲಿಸಿದಳು. ಹೆರಿಗೆ ಕೋಣೆಯಲ್ಲಿ, ಇನ್ನು ನನ್ನಿಂದಾಗದು ಎಂದು ಕೈಚೆಲ್ಲಿದ ಎಷ್ಟೋ ಹೆಂಗಸರನ್ನು ಅವಳು ನೋಡಿದ್ದಳು. ಅಂಥವರಿಗೆ ಸಮಾಧಾನ ಹೇಳಿ ಪ್ರಯೋಜನವಿಲ್ಲ, ರೇಗಿಸಬೇಕು.

"ಒಳ್ಳೇದೇ ಆಯ್ತು ಬಿಡು," ಎಂದಳು ಜೋರಾಗಿ. "ಯಾರಿಗೂ ಬೇಡದ ಆಳಿನ ಮಗ ಧಣಿಗೆ ಸೇರ್ತಾನೆ. ಇವತ್ತೇ ಜೀಪಿಗೆ ಕಟ್ಕೊಂಡು ಕೊರೊಗೋಗೆ ಹೋಗ್ತೀನಿ. ಗೆಣಸಿನ ಹೊಲ ಅಗೀಲಿ. ಆದ್ರೆ ಇವನ ಕೈಯಲ್ಲಿ ಆಗುತ್ತೋ ಇಲ್ವೋ. ಏನು ಸಾಕಿದ್ಯೇ ಇದನ್ನ? ಒಣಮೀನಿದ್ದಂಗಿದ್ದಾನೆ. ಪಕ್ಕೆಲುಬು ಅಂಗಿ ಮೇಲಿಂದ್ಲೇ ಕಾಣುತ್ತೆ."

"ಏನಂದೆ?"

"ಎಡಗಾಲಿಗೊಂದು ಬೂಟು, ಬಲಗಾಲಿಗೆ ಇನ್ನೊಂಥರದ್ದು. ಕೆಮ್ತಾನೆ ಬೇರೆ."

ಗೊಂಡೊ ಕೆಮ್ಮಿರಲಿಲ್ಲ. ಕ್ವಾಜೊ ಅವನ ಪಕ್ಕೆ ತಿವಿದ. ಗೊಂಡೊ ಕೆಮ್ಮಿದ.

"ನನ್ನ ಮಗನ ಕೈಲಿ ಗೆಣಸು ಅಗೆಸ್ತೀಯೇನೇ, ಸೆನುಫೋ ಪಿಶಾಚಿ?" ಫೋನು ಅರಚಿತು. "ಅವನ್ನ ನಾನು ಒಂದು ದಿನ ನೀರು ಹೊರೋಕೂ ಕಳ್ಸಿಲ್ಲ! ಕೊಡೇ ಅವನ್ಗೆ ಫೋನು! ಕೊಡು ಅಂದ್ರೆ ಕೊಡು!"

ನಾತೊಗೋಮಾ ಕೊಟ್ಟಳು.

ಗೊಂಡೊ ಫೋನನ್ನು ಬಿಸಿಪಾತ್ರೆಯ ಹಾಗೆ ಎರಡೂ ಕೈಯಲ್ಲಿ ಹಿಡಿದ. ತಾಯಿಯ ಬೈಗುಳ ಈಗ ಬೆಟ್ಟದ ಭಾಷೆಗೆ ಹೊರಳಿತ್ತು. ಅದರಲ್ಲಿ ಒಂದಕ್ಷರವೂ ಉಳಿದವರಿಗೆ ತಿಳಿಯಲಿಲ್ಲ. ಅವನು "ಹೂಂ ಅವ್ವಾ" ಅನ್ನುತ್ತಿದ್ದ. "ಇಲ್ಲ ಅವ್ವಾ." "ತಿಂದೆ ಅವ್ವಾ." ಮತ್ತೆ "ಹೂಂ ಅವ್ವಾ." ನಡುವೆ ಒಮ್ಮೆ ಜೇಬಿನಿಂದ ಕೀಲಿ ತೆಗೆದು, ನೋಡದೆಯೇ ಕ್ವಾಜೊನ ಕಡೆ ಎಸೆದ. ಇನ್ನೊಮ್ಮೆ, ಆ ಕಡೆಯಿಂದ ಅದೇನು ಅಪ್ಪಣೆಯಾಯಿತೋ, ಹೋಗಿ ಒಂದೇ ಕೈಯಲ್ಲಿ ಹಗ್ಗದ ಗಂಟು ಬಿಚ್ಚಿದ. ಹಗ್ಗ ರಸ್ತೆಯ ಮೇಲೆ ಬಿತ್ತು. ಆಮೇಲೆ ನಾತೊಗೋಮಾಳ ಮುಂದೆ ಬಂದು ನಿಂತು, ಫೋನಿನ ಬಾಯಿಗೆ ಅಂಗೈ ಅಡ್ಡ ಹಿಡಿದ.

"ನಿನ್ನನ್ನ ಬೈಬೇಕಂತೆ," ಎಂದ ಮೆಲ್ಲಗೆ. "ಏನಂತ ಬೈಲಿ?"

"ಮುದ್ದೆ ತಿನ್ನೋಳೇ ಅನ್ನು. ಅದು ಸುಲಭ."

"ಮುದ್ದೆ ತಿನ್ನೋಳೇ," ಎಂದ ಗೊಂಡೊ. ಅವಳ ಮುಖ ನೋಡಿ, ಸಾಲದೇನೋ ಅನ್ನಿಸಿ, "ದೊಡ್ಡಮ್ಮಾ," ಎಂದು ಸೇರಿಸಿದ.

"ಪರ್ವಾಗಿಲ್ಲ. ಕಲೀತೀಯ."

ಅವನು ಫೋನು ಕಿವಿಗಿಟ್ಟುಕೊಂಡು, ಹುಲ್ಲಿನ ಬಯಲಿಗಿಳಿದು, ಸ್ವಲ್ಪ ದೂರದಲ್ಲಿದ್ದ ಹುತ್ತದ ಮೇಲೆ ಎಲ್ಲರಿಗೂ ಬೆನ್ನು ಹಾಕಿ ಕೂತ.

ಕ್ವಾಜೊ ಜೀಪು ಚಾಲೂ ಮಾಡಿದ. ಹೆನಿಂಗ್ ಒಂದು ಕಾಲು ಒಳಗಿಟ್ಟು ನಿಂತ. "ಅಮ್ಮನವರೇ, ನನ್ನ ದೂರವಾಣಿ."

"ಹೋಗಿ ಕೇಳು."

ಹೆನಿಂಗ್ ಹುತ್ತದ ಕಡೆ ನೋಡಿದ. ಗೊಂಡೊನ ಭುಜಗಳು ಅಲುಗುತ್ತಿದ್ದವು. ನಗುತ್ತಿದ್ದಾನೋ ಏನೋ ಇಲ್ಲಿಂದ ಗೊತ್ತಾಗುತ್ತಿರಲಿಲ್ಲ. ಹೆನಿಂಗ್ ಇಟ್ಟ ಕಾಲನ್ನು ಹಿಂದಕ್ಕೆ ತೆಗೆದ. ರಸ್ತೆಯಂಚಿನ ಕಲ್ಲಿನ ಮೇಲೆ ಹೋಗಿ ಕೂತ.

"ಪೆಟ್ಟಿಗೆ ಮೊದ್ಲು ಹೋಗ್ಲಿ," ಎಂದಳು ನಾತೊಗೋಮಾ. "ನೀನು ಇಲ್ಲೇ ಇರು. ವಾಪಸ್ ಬರುವಾಗ ಕರ್ಕೊಂಡು ಹೋಗ್ತೀವಿ."

"ನಾನು ಒಬ್ಬನೇ ಇಲ್ಲಿ ಉಳಿಯುವುದು ನಿಯಮಕ್ಕೆ ವಿರುದ್ಧವಾಗಿದೆ," ಎಂದ ಹೆನಿಂಗ್. ಏಳಲಿಲ್ಲ.

ಗೆಣಸಿನ ಹೆಂಗಸೊಬ್ಬಳು ತನ್ನ ಬುಟ್ಟಿಯಿಂದ ಸುಟ್ಟ ಗೆಣಸಿನ ಒಂದು ತುಂಡು ಮುರಿದು ಅವನ ಕೈಯಲ್ಲಿಟ್ಟಳು. ಜೀಪು ಹಗ್ಗದ ಮೇಲೆ ಹರಿದು ಮುಂದೆ ಹೋಯಿತು. ಅದರ ಹಿಂದೆ ಹೆಂಗಸರು, ಹಾಸಿಗೆಯ ದಂಪತಿ, ಆ ಕಡೆಯಿಂದ ಈ ಕಡೆಗೆ ಬರುವ ಸೈಕಲ್ಲುಗಳು. ಯಾರೂ ಯಾರನ್ನೂ ಕೇಳಲಿಲ್ಲ. ಎಲ್ಲರಿಗಿಂತ ಹಿಂದೆ ಮೇಕೆಗಳು. ಅವುಗಳಲ್ಲಿ ಒಂದು ಬಿದ್ದ ಹಗ್ಗದ ಬಳಿ ನಿಂತು, ಮೂಸಿ, ಅದರ ತುದಿಯನ್ನು ನಿಧಾನವಾಗಿ ಅಗಿಯತೊಡಗಿತು.